ಟೆಸ್ಟಿಗೂ ರಿಪೋರ್ಟಿಗೂ ನಡುವಿನ ದಿನಗಳು: ಜೊತೆಗಿರುವವರ ಕೆಲಸ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಕಾಯಿಲೆಯ ಲಕ್ಷಣ, ಚಿಕಿತ್ಸೆ, ಪಥ್ಯ ಎಲ್ಲವೂ ಬರುತ್ತವೆ. ಕಾಯಿಲೆ ಇದೆಯೋ ಇಲ್ಲವೋ ಎಂದೇ ಗೊತ್ತಾಗದ ದಿನಗಳ ಬಗ್ಗೆ ಬರೆಯುವವರು ಕಡಿಮೆ. ಡಾಕ್ಟರು ಚೀಟಿಯಲ್ಲಿ ಟೆಸ್ಟ್ ಬರೆದುಕೊಟ್ಟ ಗಳಿಗೆಯಿಂದ ಶುರುವಾಗಿ, ರಿಪೋರ್ಟ್ ಕೈಗೆ ಬಂದು ಅದರ ಅರ್ಥ ತಿಳಿಯುವ ತನಕ ಮನೆಯವರೆಲ್ಲ ಉಸಿರು ಬಿಗಿಹಿಡಿದು ಕಳೆಯುವ ಅವಧಿ ಅದು. ರಕ್ತ ತೆಗೆಯುವ, ಸ್ಕ್ಯಾನ್ ಮಾಡುವ, ಮಾದರಿಗಳನ್ನು ಪರೀಕ್ಷಿಸುವ ಕೆಲಸದಲ್ಲಿರುವ ನಾವು ಕೆಲವರು, ಈ ಅವಧಿಯಲ್ಲಿ ಜೊತೆಗಿರುವವರು ಏನೇನು ಮಾಡಬಹುದು ಎಂಬುದನ್ನು ಓದುಗರ ಮುಂದಿಡಬೇಕೆಂದು ಈ ಪತ್ರ ಬರೆಯುತ್ತಿದ್ದೇವೆ.

ಜೊತೆಗಿರುವವರ ಬಾಯಿಂದ ಮೊದಲು ಬರುವ ಮಾತು, ‘ಏನೂ ಆಗಲ್ಲ ಬಿಡು’. ಪ್ರೀತಿಯಿಂದಲೇ ಹೇಳುತ್ತಾರೆ, ಅನುಮಾನವಿಲ್ಲ. ಆದರೆ ಅದನ್ನು ಕೇಳಿಸಿಕೊಂಡವರಿಗೆ ಮುಂದೆ ಮಾತಾಡಲು ಜಾಗವೇ ಉಳಿಯುವುದಿಲ್ಲ. ಭಯವನ್ನು ನುಂಗಿಕೊಂಡು ಸುಮ್ಮನಾಗುತ್ತಾರೆ. ಅದರ ಬದಲು ‘ಯಾವುದಕ್ಕೆ ಜಾಸ್ತಿ ಭಯ ಆಗ್ತಿದೆ?’ ಎಂದು ಕೇಳಿ, ಉತ್ತರ ಬರುವ ತನಕ ಕಾಯಿರಿ. ಒಬ್ಬರಿಗೆ ಸೂಜಿಯ ಭಯ, ಒಬ್ಬರಿಗೆ ಸ್ಕ್ಯಾನಿನ ಸುರಂಗದ ಭಯ, ಇನ್ನೊಬ್ಬರಿಗೆ ಫಲಿತಾಂಶದ ಭಯ, ಮತ್ತೊಬ್ಬರಿಗೆ ಖರ್ಚಿನದು. ಪ್ರತಿಯೊಂದಕ್ಕೂ ಮಾಡಬಹುದಾದ ಕೆಲಸ ಬೇರೆ. ಯಾವ ಭಯ ಎಂದು ಗೊತ್ತಾಗದೆ ಕೊಡುವ ಧೈರ್ಯ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಮೊದಲ ಕೆಲಸ ತಯಾರಿ. ಟೆಸ್ಟಿನಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಮಾದರಿ ಯಂತ್ರದೊಳಗೆ ಹೋಗುವ ಮೊದಲೇ ಆಗಿಹೋಗಿರುತ್ತವೆ. ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆಗೆ ಕನಿಷ್ಠ 8 ಗಂಟೆ ಏನೂ ತಿಂದಿರಬಾರದು. ಕೊಬ್ಬಿನ ಪರೀಕ್ಷೆಗೆ ಲ್ಯಾಬಿನವರು ಉಪವಾಸ ಕೇಳಿದ್ದರೆ 9ರಿಂದ 12 ಗಂಟೆ. ಬರೀ ನೀರು ಕುಡಿಯಬಹುದು, ಕುಡಿಯಲೂಬೇಕು. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತನಾಳ ಸಿಗುವುದು ಕಷ್ಟವಾಗಿ ಎರಡು ಮೂರು ಕಡೆ ಚುಚ್ಚಬೇಕಾಗುತ್ತದೆ. ಅರ್ಧ ಲೋಟ ಕಾಫಿ ಕುಡಿದರೂ ಉಪವಾಸ ಮುರಿದಂತೆ. ಕುಡಿದಿದ್ದರೆ ಮುಚ್ಚಿಡದೆ ಹೇಳಿ, ಇನ್ನೊಂದು ದಿನ ಬಂದರಾಯಿತು. ಎಚ್‌ಬಿಎ1ಸಿ ಎಂಬ ಸಕ್ಕರೆ ಪರೀಕ್ಷೆಗೆ ಉಪವಾಸವೇ ಬೇಡ, ಅದು ಹಿಂದಿನ ಸುಮಾರು 3 ತಿಂಗಳ ಸರಾಸರಿಯನ್ನು ಹೇಳುತ್ತದೆ. ಇದು ಗೊತ್ತಿಲ್ಲದೆ ವಯಸ್ಸಾದವರು ಸುಮ್ಮನೆ ಹಸಿದುಕೊಂಡು ಸಾಲಿನಲ್ಲಿ ನಿಂತಿರುತ್ತಾರೆ.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರ ಉಪವಾಸ ಅಪಾಯದ್ದು. ಬೆಳಗಿನ ಡೋಸ್ ತೆಗೆದುಕೊಳ್ಳಬೇಕೋ ಬೇಡವೋ ಎಂದು ಹಿಂದಿನ ದಿನವೇ ಡಾಕ್ಟರನ್ನು ಕೇಳಿ, ಲ್ಯಾಬಿನಲ್ಲಿ ಮೊದಲ ಸರದಿ ಹಿಡಿಯಿರಿ. ತಿನ್ನುವುದಕ್ಕೆ ಏನಾದರೂ ಜೊತೆಗಿರುವವರ ಚೀಲದಲ್ಲಿರಲಿ. ಬೆವರು, ನಡುಕ, ಮಾತಿನಲ್ಲಿ ಗೊಂದಲ ಕಂಡರೆ ಟೆಸ್ಟನ್ನು ಬದಿಗಿಟ್ಟು ಮೊದಲು ಸಕ್ಕರೆ ಕೊಡಬೇಕು.

ಮಾತ್ರೆಗಳ ಪಟ್ಟಿ ಬರೆದುಕೊಡುವುದು ಜೊತೆಗಿರುವವರು ಮಾಡಬಹುದಾದ ದೊಡ್ಡ ಉಪಕಾರ. ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಕೊನೆಯ ಸಲ ತೆಗೆದುಕೊಂಡದ್ದು ಯಾವಾಗ ಎಂಬುದೆಲ್ಲ ಅದರಲ್ಲಿರಲಿ. ಔಷಧವೆಂದು ಲೆಕ್ಕಕ್ಕೆ ಹಿಡಿಯದ ಪುಡಿ, ಟಾನಿಕ್, ವಿಟಮಿನ್ನುಗಳನ್ನೂ ಬರೆಯಿರಿ. ಕೂದಲು, ಉಗುರಿಗೆಂದು ನುಂಗುವ ಬಯೋಟಿನ್ ಹೆಚ್ಚು ಪ್ರಮಾಣದಲ್ಲಿದ್ದರೆ ಥೈರಾಯ್ಡ್ ಫಲಿತಾಂಶವನ್ನು ಕೆಡಿಸಬಲ್ಲದು. ಹೃದಯಾಘಾತ ಪತ್ತೆಗೆ ಮಾಡುವ ಟ್ರೋಪೋನಿನ್ ಪರೀಕ್ಷೆಯನ್ನೂ ದಾರಿ ತಪ್ಪಿಸಬಲ್ಲದು. ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ 2 ದಿನ ಮೊದಲು ಅದನ್ನು ನಿಲ್ಲಿಸಲು ಹೇಳುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಮಾತ್ರ ಯಾರೂ ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು. ಬಯಾಪ್ಸಿಗೆ (ದೇಹದಿಂದ ಚಿಕ್ಕ ತುಣುಕು ತೆಗೆದು ಮಾಡುವ ಪರೀಕ್ಷೆ) ಮೊದಲು ಎಷ್ಟು ದಿನ ಬಿಡಬೇಕು, ಬಿಡಬೇಕೇ ಬೇಡವೇ ಎಂಬುದನ್ನು ಆ ಮಾತ್ರೆ ಬರೆದುಕೊಟ್ಟ ಡಾಕ್ಟರೇ ಹೇಳಬೇಕು.

ಮೂತ್ರದ ಪರೀಕ್ಷೆಗಳಲ್ಲಿ ಮುಜುಗರದಿಂದ ಆಗುವ ತಪ್ಪೇ ಹೆಚ್ಚು. ಹೇಗೆ ಹಿಡಿಯಬೇಕೆಂದು ಕೇಳಲು ನಾಚಿಕೆಪಟ್ಟು ಮೊದಲ ಹನಿಯಿಂದಲೇ ಹಿಡಿದು ತರುತ್ತಾರೆ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದರಲ್ಲಿ ಬೆರೆತು, ಇಲ್ಲದ ಸೋಂಕು ಇದ್ದಂತೆ ಕಾಣುತ್ತದೆ. ಮೊದಲಿನ ಸ್ವಲ್ಪವನ್ನು ಬಿಟ್ಟು ನಡುವಿನದನ್ನು ಹಿಡಿಯಬೇಕು. 24 ಗಂಟೆಯ ಮೂತ್ರ ಸಂಗ್ರಹವಾದರೆ, ಬೆಳಿಗ್ಗೆ ಎದ್ದ ಮೊದಲ ಸಲದ್ದನ್ನು ಚೆಲ್ಲಿ ಆ ಹೊತ್ತನ್ನು ಬರೆದಿಡಿ. ಆಮೇಲಿನ ಪ್ರತಿ ಸಲದ್ದೂ ಡಬ್ಬಕ್ಕೆ ಹೋಗಬೇಕು, ಮರುದಿನ ಅದೇ ಹೊತ್ತಿನ ಮೊದಲ ಸಲದ್ದೂ ಸೇರಿ. ನಡುವೆ ಒಂದು ಸಲ ತಪ್ಪಿದರೂ ಲೆಕ್ಕ ಕೆಡುತ್ತದೆ, ಮತ್ತೆ ಮೊದಲಿನಿಂದ ಮಾಡಬೇಕು. ಬಚ್ಚಲುಮನೆ ಬಾಗಿಲಿಗೆ ಒಂದು ಚೀಟಿ ಅಂಟಿಸಿ ನೆನಪಿಸುವುದಕ್ಕೆ ಮನೆಯವರಿಗೆ ಎರಡು ನಿಮಿಷ ಸಾಕು.

ಸೂಜಿ ಕಂಡರೆ ತಲೆಸುತ್ತಿ ಬೀಳುವವರ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇವರನ್ನು ಜನ ಗೇಲಿ ಮಾಡುತ್ತಾರೆ. ಇದು ಹೇಡಿತನವಲ್ಲ. ರಕ್ತ ಅಥವಾ ಸೂಜಿ ಕಂಡೊಡನೆ ಕೆಲವರ ಹೃದಯ ಬಡಿತವೂ ರಕ್ತದೊತ್ತಡವೂ ಥಟ್ಟನೆ ಇಳಿದು ಮಿದುಳಿಗೆ ರಕ್ತ ಕಡಿಮೆಯಾಗುತ್ತದೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಗೋರಾನ್ ಓಸ್ಟ್ 1980ರ ದಶಕದಲ್ಲಿ ಇಂಥವರಿಗಾಗಿ ರೂಪಿಸಿದ ಒಂದು ಉಪಾಯವಿದೆ. ತೋಳು, ಹೊಟ್ಟೆ, ಕಾಲುಗಳ ಸ್ನಾಯುಗಳನ್ನೆಲ್ಲ ಬಿಗಿ ಮಾಡಿ, ಮುಖ ಬೆಚ್ಚಗಾದಂತೆ ಅನ್ನಿಸುವ ತನಕ 10ರಿಂದ 15 ಸೆಕೆಂಡು ಹಿಡಿಯಬೇಕು. ಆಮೇಲೆ 20ರಿಂದ 30 ಸೆಕೆಂಡು ಸಡಿಲ ಬಿಡಬೇಕು. ಹೀಗೆ 5 ಸಲ. ಇದರಿಂದ ರಕ್ತದೊತ್ತಡ ಇಳಿಯದೆ ನಿಲ್ಲುತ್ತದೆ. ಹಿಂದಿನ ವಾರದಿಂದಲೇ ದಿನಾ ಮನೆಯಲ್ಲಿ ಜೊತೆಯಾಗಿ ಅಭ್ಯಾಸ ಮಾಡಿ. ರಕ್ತ ಕೊಡುವ ಕೈಯನ್ನು ಮಾತ್ರ ಆಗ ಸಡಿಲವಾಗಿ ಬಿಟ್ಟಿರಬೇಕು. ಮುಷ್ಟಿಯನ್ನು ಮತ್ತೆ ಮತ್ತೆ ಬಿಗಿದು ಬಿಟ್ಟರೆ ರಕ್ತದ ಮಾದರಿಯಲ್ಲಿ ಪೊಟ್ಯಾಸಿಯಂ ಸುಳ್ಳೇ ಹೆಚ್ಚಾಗಿ ಕಾಣುತ್ತದೆ. ಹಿಂದೊಮ್ಮೆ ತಲೆಸುತ್ತಿ ಬಿದ್ದಿದ್ದರೆ ರಕ್ತ ತೆಗೆಯುವವರಿಗೆ ಮೊದಲೇ ಹೇಳಿ, ಮಲಗಿಸಿಯೇ ತೆಗೆಯುತ್ತಾರೆ. ‘ದೀರ್ಘವಾಗಿ ಉಸಿರಾಡು, ಮೈ ಸಡಿಲ ಬಿಡು’ ಎನ್ನುವುದು ಬೇರೆ ಭಯಗಳಿಗೆ ಒಳ್ಳೆಯ ಸಲಹೆ. ತಲೆಸುತ್ತುವವರಿಗೆ ಅದು ತಿರುಗುಬಾಣವಾಗಬಹುದು.

ಸ್ಕ್ಯಾನುಗಳಲ್ಲಿ ಏನಾಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಅರ್ಧ ಭಯ ಇಳಿಯುತ್ತದೆ. ಹೊಟ್ಟೆಯ ಮೇಲ್ಭಾಗದ ಅಲ್ಟ್ರಾಸೌಂಡಿಗೆ ಉಪವಾಸ ಏಕೆಂದರೆ, ತಿಂದರೆ ಪಿತ್ತಕೋಶ ಕುಗ್ಗಿ ಒಳಗಿನ ಕಲ್ಲು ಕಾಣದೆ ಹೋಗಬಹುದು. ಕೆಳಹೊಟ್ಟೆಯದಕ್ಕೆ ಮೂತ್ರಕೋಶ ತುಂಬಿರಬೇಕು, ಅದರ ಮೂಲಕವೇ ಹಿಂದಿನ ಅಂಗಗಳು ಕಾಣುವುದು. ಅಂಗಗಳು ಸ್ಪಷ್ಟವಾಗಿ ಕಾಣಲೆಂದು ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧ ಕೊಟ್ಟು ಮಾಡುವ ಸಿಟಿ ಸ್ಕ್ಯಾನಿನಲ್ಲಿ ಮೈಯೆಲ್ಲ ಬಿಸಿಯಾದಂತೆ, ಮೂತ್ರ ಹೋದಂತೆ ಒಂದು ಕ್ಷಣ ಅನ್ನಿಸುತ್ತದೆ, ಅದು ಸಹಜ. ಹಿಂದೆ ಅಲರ್ಜಿ ಆಗಿದ್ದರೆ, ಮೂತ್ರಪಿಂಡದ ತೊಂದರೆ ಇದ್ದರೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ನಡೆಯುತ್ತಿದ್ದರೆ ಮೊದಲೇ ತಿಳಿಸಬೇಕು. ಸ್ತನದ ಎಕ್ಸ್‌ರೇ ಆದ ಮ್ಯಾಮೊಗ್ರಾಂಗೆ ಹೋಗುವ ದಿನ ಕಂಕುಳಿಗೆ ಪೌಡರ್, ಡಿಯೋಡರೆಂಟ್ ಹಚ್ಚಬಾರದು, ಅದರ ಕಣಗಳು ಚಿತ್ರದಲ್ಲಿ ಕ್ಯಾಲ್ಸಿಯಂ ಚುಕ್ಕೆಗಳಂತೆ ಕಾಣಬಹುದು. ಮುಟ್ಟು ಮುಗಿದ ನಂತರದ ವಾರದಲ್ಲಿ ನೋವು ಕಡಿಮೆ.

ಎಂಆರ್‌ಐ ಯಂತ್ರದ್ದು ಬೇರೆಯೇ ಕಥೆ. ಅದರಲ್ಲಿ ಎಕ್ಸ್‌ರೇ ವಿಕಿರಣವಿಲ್ಲ, ಇರುವುದು ಬಲವಾದ ಅಯಸ್ಕಾಂತ. ಪೇಸ್‌ಮೇಕರ್, ಮಿದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಿವಿಯೊಳಗಿನ ಇಂಪ್ಲಾಂಟ್, ಕಣ್ಣಿಗೆ ಎಂದೋ ಸಿಡಿದ ಲೋಹದ ಚೂರು, ಯಾವುದನ್ನೂ ಮರೆಯದೆ ಹೇಳಬೇಕು. ಚರ್ಮಕ್ಕೆ ಅಂಟಿಸುವ ಕೆಲವು ಔಷಧದ ಪಟ್ಟಿಗಳಲ್ಲೂ ಲೋಹದ ಪದರ ಇರುತ್ತದೆ, ಅದು ಬಿಸಿಯಾಗಿ ಸುಡಬಹುದು. ಒಳಗೆ ಸಾಮಾನ್ಯವಾಗಿ 20 ನಿಮಿಷದಿಂದ 1 ಗಂಟೆ ಅಲುಗಾಡದೆ ಮಲಗಬೇಕು, ಬಡಿಯುವ ಶಬ್ದ ಜೋರಾಗಿರುತ್ತದೆ, ಕಿವಿಗೆ ಮುಚ್ಚಳ ಕೊಡುತ್ತಾರೆ. ಕೈಗೊಂದು ಒತ್ತುವ ರಬ್ಬರ್ ಗುಂಡು ಕೊಡುತ್ತಾರೆ. ಅದನ್ನು ಒತ್ತಿದರೆ ನಿಲ್ಲಿಸಿ ಕೇಳುತ್ತಾರೆ. ಇಕ್ಕಟ್ಟಿನ ಭಯ ಇರುವವರು ಒಳಗೆ ಹೋಗುವ ಮೊದಲೇ ಕಣ್ಣು ಮುಚ್ಚಿ, ಹೊರಗೆ ಬರುವ ತನಕ ತೆರೆಯದಿದ್ದರೆ ವಾಸಿ. ನಡುವೆ ತೆರೆದಾಗಲೇ ಹೆಚ್ಚಿನವರು ಗಾಬರಿಯಾಗುವುದು. ಜೊತೆಗೆ ಬಂದವರ ಮೈಮೇಲೂ ಲೋಹವಿಲ್ಲವೆಂದು ಖಾತ್ರಿಯಾದರೆ ಕೆಲವು ಕಡೆ ಒಳಗೆ ಬಿಟ್ಟು ಕಾಲು ಹಿಡಿದುಕೊಂಡು ಕೂರಲು ಅವಕಾಶ ಕೊಡುತ್ತಾರೆ. ಕೇಳಿ ನೋಡಿ.

ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇರುವ ಕೊಳವೆ ಹಾಕಿ ನೋಡುವ ಕೊಲೊನೋಸ್ಕೋಪಿ ಪೂರ್ತಿಯಾಗಿ ತಯಾರಿಯ ಮೇಲೆ ನಿಂತ ಪರೀಕ್ಷೆ. ಭೇದಿಯ ಔಷಧವನ್ನು ಈಗ ಹೆಚ್ಚಾಗಿ ಎರಡು ಭಾಗ ಮಾಡಿ ಕೊಡುತ್ತಾರೆ, ಒಂದು ಹಿಂದಿನ ಸಂಜೆ, ಇನ್ನೊಂದು ಪರೀಕ್ಷೆಗೆ 4ರಿಂದ 6 ಗಂಟೆ ಮೊದಲು. ಮೊದಲ ಭಾಗಕ್ಕೇ ಸುಸ್ತಾಗಿ ಎರಡನೆಯದನ್ನು ಬಿಡುವವರು ಬಹಳ. ಆಗ ಕರುಳು ಶುದ್ಧವಾಗದೆ, ಒಳಗೋಡೆಯಲ್ಲಿ ಬೆಳೆಯುವ ಗಂಟುಗಳಾದ ಚಿಕ್ಕ ಪಾಲಿಪ್‌ಗಳು ತಪ್ಪಿಹೋಗುತ್ತವೆ, ಇಲ್ಲವೇ ಎಲ್ಲವನ್ನೂ ಇನ್ನೊಮ್ಮೆ ಮಾಡಬೇಕಾಗುತ್ತದೆ. ಔಷಧವನ್ನು ತಣ್ಣಗೆ ಮಾಡಿ, ಸ್ಟ್ರಾ ಹಾಕಿ, ಸ್ವಲ್ಪ ಸ್ವಲ್ಪವಾಗಿ ಗಡಿಯಾರ ನೋಡಿಕೊಂಡು ಕೊಡುವ ಒಬ್ಬರು ಪಕ್ಕದಲ್ಲಿದ್ದರೆ ಪೂರ್ತಿ ಮುಗಿಯುತ್ತದೆ. ಕೆಂಪು, ನೇರಳೆ ಬಣ್ಣದ ಪಾನೀಯ ಬೇಡ, ಅದು ಒಳಗೆ ರಕ್ತದಂತೆ ಕಾಣುತ್ತದೆ. ಕೊನೆಗೆ ಹೊರಬರುವುದು ತಿಳಿ ಹಳದಿ ನೀರಾಗಿದ್ದರೆ ತಯಾರಿ ಸರಿಯಾಗಿದೆ ಎಂದರ್ಥ. ಮಂಪರಿನ ಔಷಧ ಕೊಟ್ಟಿದ್ದರೆ ಆಮೇಲೆ 24 ಗಂಟೆ ವಾಹನ ಓಡಿಸುವುದು, ಕಾಗದ ಪತ್ರಕ್ಕೆ ಸಹಿ ಹಾಕುವುದು ಬೇಡ. ಡಾಕ್ಟರು ಆ ಹೊತ್ತಿನಲ್ಲಿ ಹೇಳಿದ್ದು ರೋಗಿಗೆ ನೆನಪಿರುವುದಿಲ್ಲ, ಜೊತೆಗಿರುವವರೇ ಬರೆದುಕೊಳ್ಳಬೇಕು.

ಇನ್ನು ಕಾಯುವ ದಿನಗಳು. ನಮ್ಮ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಕಠಿಣ ಭಾಗ. ಬಯಾಪ್ಸಿ ರಿಪೋರ್ಟ್ ತಡವಾದರೆ ‘ಕೆಟ್ಟ ಸುದ್ದಿಯೇ ಇರಬೇಕು, ಅದಕ್ಕೇ ಹೇಳುತ್ತಿಲ್ಲ’ ಎಂಬ ಊಹೆ ಮನಸ್ಸಿನಲ್ಲಿ ಬೆಳೆಯುತ್ತದೆ. ನಿಜವಾಗಿ ನಡೆಯುವುದು ಇಷ್ಟು. ತೆಗೆದ ತುಣುಕು ಮೊದಲು ಫಾರ್ಮಲಿನ್ ದ್ರಾವಣದಲ್ಲಿ ಗಂಟೆಗಟ್ಟಲೆ ನೆನೆದು ಗಟ್ಟಿಯಾಗಬೇಕು. ಆಮೇಲೆ ಆಲ್ಕೋಹಾಲಿನಲ್ಲಿ ಅದರ ನೀರಿನಂಶ ತೆಗೆದು ಮೇಣ ತುಂಬಿಸುತ್ತಾರೆ, ಸಾಮಾನ್ಯವಾಗಿ ಒಂದು ರಾತ್ರಿ ಇದಕ್ಕೇ ಹಿಡಿಯುತ್ತದೆ. ಮೇಣದ ಅಚ್ಚನ್ನು 3ರಿಂದ 5 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್) ದಪ್ಪದ ಹಾಳೆಗಳಾಗಿ ಸೀಳಿ, ಗಾಜಿನ ಮೇಲಿಟ್ಟು ಬಣ್ಣ ಹಾಕಿದ ಮೇಲೆಯೇ ಸೂಕ್ಷ್ಮದರ್ಶಕದಡಿ ನೋಡಲು ಸಾಧ್ಯ. ಅನುಮಾನ ಉಳಿದರೆ ವಿಶೇಷ ಬಣ್ಣಗಳ ಪರೀಕ್ಷೆಗೆ ಇನ್ನೂ ಕೆಲವು ದಿನ, ಕೆಲವೊಮ್ಮೆ ಎರಡನೆಯ ತಜ್ಞರ ಅಭಿಪ್ರಾಯಕ್ಕೆ ಮತ್ತಷ್ಟು. ಸೋಂಕಿನ ಕಲ್ಚರ್ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದನ್ನೇ ಕಾಯಬೇಕು. ಮೂತ್ರದ್ದಾದರೆ 1ರಿಂದ 2 ದಿನ, ರಕ್ತದ್ದಾದರೆ ಸುಮಾರು 5 ದಿನ, ಕ್ಷಯದ್ದಾದರೆ 6ರಿಂದ 8 ವಾರದ ತನಕ. ಯಾರೂ ಅವಸರ ಮಾಡಿ ಬೇಗ ಬೆಳೆಸಲು ಬರುವುದಿಲ್ಲ. ತಡವಾಯಿತೆಂದು ಅದರಿಂದ ಒಳ್ಳೆಯದನ್ನೋ ಕೆಟ್ಟದ್ದನ್ನೋ ಲೆಕ್ಕ ಹಾಕಬೇಡಿ.

ಆದ್ದರಿಂದ ಮಾದರಿ ಕೊಟ್ಟ ದಿನವೇ ಮೂರು ಪ್ರಶ್ನೆ ಕೇಳಿ ಬರೆದುಕೊಳ್ಳಿ: ರಿಪೋರ್ಟ್ ಯಾವ ದಿನ ಬರುತ್ತದೆ, ಯಾರು ತಿಳಿಸುತ್ತಾರೆ, ಆ ದಿನ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು. ಫೋನ್ ಮಾಡುವ ಕೆಲಸವನ್ನು ಜೊತೆಗಿರುವವರು ವಹಿಸಿಕೊಳ್ಳಲಿ. ‘ಏನೂ ತಿಳಿಸಲಿಲ್ಲ ಅಂದರೆ ಎಲ್ಲ ಸರಿ ಇದೆ’ ಎಂದು ಸುಮ್ಮನಾಗುವುದು ತಪ್ಪು. ರಿಪೋರ್ಟು ತಪ್ಪು ಕೈ ಸೇರುವುದೂ, ಯಾರ ಮೇಜಿನ ಮೇಲೋ ಉಳಿದುಬಿಡುವುದೂ ಉಂಟು. ದಿನ ಗೊತ್ತಿದ್ದರೆ ಆ ದಿನದ ತನಕ ಫೋನನ್ನು ಮತ್ತೆ ಮತ್ತೆ ನೋಡುವುದೂ ಕಡಿಮೆಯಾಗುತ್ತದೆ. ರಾತ್ರಿ ಹೊತ್ತು ಅಂತರ್ಜಾಲದಲ್ಲಿ ಹುಡುಕುವವರಿಗೆ ‘ನೋಡಬೇಡ’ ಎಂದರೆ ಕದ್ದು ನೋಡುತ್ತಾರೆ. ‘ಸಿಕ್ಕ ಪ್ರಶ್ನೆಗಳನ್ನು ಬರೆದಿಡು, ಡಾಕ್ಟರನ್ನು ಕೇಳೋಣ’ ಎನ್ನಿ, ಹುಡುಕಾಟಕ್ಕೆ ಒಂದು ಕೊನೆ ಸಿಗುತ್ತದೆ.

ರಿಪೋರ್ಟ್ ಬಂದ ಮೇಲೆ, ಮಿತಿ ದಾಟಿದ್ದಕ್ಕೆ ದಪ್ಪ ಅಕ್ಷರದಲ್ಲಿ ಮುದ್ರಿಸಿದ ಅಂಕಿ ಕಂಡು ಎದೆ ಒಡೆದುಕೊಳ್ಳುವ ಮೊದಲು ಒಂದು ಲೆಕ್ಕ ತಿಳಿದಿರಲಿ. ಪಕ್ಕದಲ್ಲಿ ಮುದ್ರಿಸುವ ಸಾಮಾನ್ಯ ಮಿತಿಯನ್ನು ಹೆಚ್ಚಿನ ಪರೀಕ್ಷೆಗಳಲ್ಲಿ ಆರೋಗ್ಯವಂತರ ಪೈಕಿ 100ಕ್ಕೆ 95 ಮಂದಿ ಒಳಗೆ ಬರುವಂತೆ ಗುರುತಿಸಿರುತ್ತಾರೆ. ಅಂದರೆ ಪೂರ್ತಿ ಆರೋಗ್ಯವಂತರಲ್ಲೂ 20ರಲ್ಲಿ ಒಬ್ಬರು ಆ ಮಿತಿಯಾಚೆ ಇರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಒಟ್ಟಿಗೆ ಮಾಡಿಸಿದರೆ, ಒಂದಾದರೂ ಮಿತಿ ದಾಟುವ ಸಾಧ್ಯತೆ ಸುಮಾರು ಶೇ 64. ದೊಡ್ಡ ಪ್ಯಾಕೇಜ್ ಮಾಡಿಸಿದವರ ರಿಪೋರ್ಟಿನಲ್ಲಿ ಒಂದೆರಡು ದಪ್ಪ ಅಕ್ಷರ ಇಲ್ಲದಿದ್ದರೇ ಆಶ್ಚರ್ಯ. ಮಿತಿಗಿಂತ ಎಷ್ಟು ದೂರವಿದೆ, ಹಿಂದಿನ ಸಲ ಎಷ್ಟಿತ್ತು, ಜೊತೆಯಲ್ಲಿ ಬೇರೆ ಯಾವ ಅಂಕಿ ಏರುಪೇರಾಗಿದೆ ಎಂಬುದನ್ನು ಡಾಕ್ಟರು ನೋಡುತ್ತಾರೆ. ಹಳೆಯ ರಿಪೋರ್ಟುಗಳನ್ನು ದಿನಾಂಕದ ಕ್ರಮದಲ್ಲಿ ಒಂದು ಕಡತದಲ್ಲಿಟ್ಟು ಒಯ್ಯಿರಿ. ಹೋಲಿಸಿ ನೋಡಬೇಕಾದದ್ದನ್ನು ಆದಷ್ಟೂ ಒಂದೇ ಲ್ಯಾಬಿನಲ್ಲಿ ಮಾಡಿಸಿ, ಯಂತ್ರ ಮತ್ತು ವಿಧಾನ ಬದಲಾದರೆ ಅಂಕಿಯೂ ಸ್ವಲ್ಪ ಬದಲಾಗುತ್ತದೆ.

ಲಕ್ಷಣ ಇಲ್ಲದವರಲ್ಲೂ ಕಾಯಿಲೆ ಹುಡುಕುವ ಸ್ಕ್ರೀನಿಂಗ್ ಪರೀಕ್ಷೆಯಲ್ಲಿ ‘ಪಾಸಿಟಿವ್’ ಬಂದರೆ ಕಾಯಿಲೆ ಖಚಿತ ಎಂದು ತಿಳಿಯಬೇಡಿ. ಉದಾಹರಣೆಗೆ 1000 ಜನರಲ್ಲಿ 10 ಮಂದಿಗೆ ಕಾಯಿಲೆ ಇದೆ ಎಂದಿಟ್ಟುಕೊಳ್ಳಿ. ಪರೀಕ್ಷೆ ಅವರಲ್ಲಿ 9 ಮಂದಿಯನ್ನು ಹಿಡಿಯುತ್ತದೆ. ಕಾಯಿಲೆ ಇಲ್ಲದ 990 ಮಂದಿಯಲ್ಲೂ ಶೇ 9ರಷ್ಟು, ಅಂದರೆ ಸುಮಾರು 89 ಮಂದಿಗೆ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ. ಒಟ್ಟು 98 ಪಾಸಿಟಿವ್, ನಿಜವಾದ ಕಾಯಿಲೆ 9 ಮಂದಿಗೆ. ಅದಕ್ಕೇ ಎರಡನೆಯ ಪರೀಕ್ಷೆ ಬರೆಯುತ್ತಾರೆ. ‘ಮತ್ತೆ ಕರೆದಿದ್ದಾರೆ’ ಎಂದ ಮಾತ್ರಕ್ಕೆ ಮನೆಯಲ್ಲಿ ಅಳು ಶುರುವಾಗಬೇಕಿಲ್ಲ. ಹಾಗೆಯೇ ಮತ್ತೆ ಕರೆದಾಗ ಹೋಗದೆ ತಪ್ಪಿಸಿಕೊಳ್ಳುವುದಂತೂ ಕೂಡದು. ಆ 9 ಮಂದಿ ಯಾರೆಂದು ತಿಳಿಯುವ ದಾರಿ ಅದೊಂದೇ.

ಬಿಪಿ ಬಗ್ಗೆ ಎರಡು ಮಾತು. ಆಸ್ಪತ್ರೆಯಲ್ಲಿ ಹೆಚ್ಚು, ಮನೆಯಲ್ಲಿ ಸರಿ ಇರುವವರು ಅನೇಕ. ಮನೆಯಲ್ಲಿ ನೋಡುವಾಗ 5 ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು ನೋಡಬೇಕು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ. ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ ಸಿಗರೇಟು ಬೇಡ. ಅಳೆಯುವಾಗ ಮಾತಾಡಿದರೂ ಅಂಕಿ ಏರುತ್ತದೆ, ಹಾಗಾಗಿ ಜೊತೆಗಿರುವವರೂ ಆಗ ಸುಮ್ಮನಿರಬೇಕು.

ಡಾಕ್ಟರ ಕೋಣೆಯೊಳಗೆ ಎರಡನೆಯ ಜೋಡಿ ಕಿವಿ ಬೇಕೇ ಬೇಕು. ನೆದರ್ಲೆಂಡಿನ ಸಂಶೋಧಕ ರಾಯ್ ಕೆಸೆಲ್ಸ್ 2003ರಲ್ಲಿ ಹಿಂದಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಬರೆದಂತೆ, ವೈದ್ಯರು ಹೇಳಿದ್ದರಲ್ಲಿ ಶೇ 40ರಿಂದ 80ರಷ್ಟನ್ನು ರೋಗಿಗಳು ಕೂಡಲೇ ಮರೆಯುತ್ತಾರೆ. ನೆನಪಿರುವುದರಲ್ಲೂ ಸುಮಾರು ಅರ್ಧ ತಪ್ಪಾಗಿರುತ್ತದೆ. ‘ಗಡ್ಡೆ’ ಎಂಬ ಒಂದು ಶಬ್ದ ಕಿವಿಗೆ ಬಿದ್ದ ಮೇಲೆ ಮುಂದಿನದು ಕೇಳಿಸುವುದೇ ಇಲ್ಲ. ಮೂರೋ ನಾಲ್ಕೋ ಪ್ರಶ್ನೆಯನ್ನು ಮುಖ್ಯವಾದದ್ದು ಮೊದಲು ಬರುವಂತೆ ಬರೆದುಕೊಂಡು ಹೋಗಿ. ಇದರ ಅರ್ಥವೇನು, ಬೇರೆ ಕಾರಣವೂ ಇರಬಹುದೇ, ಮುಂದಿನ ಹೆಜ್ಜೆ ಏನು, ಅದಕ್ಕೆ ಎಷ್ಟು ಸಮಯವಿದೆ. ಏಳುವ ಮೊದಲು ‘ನಾವು ಅರ್ಥ ಮಾಡಿಕೊಂಡದ್ದು ಹೀಗೆ, ಸರಿಯೇ?’ ಎಂದು ಕೇಳಿ. ಆದರೆ ರೋಗಿಯ ಪರವಾಗಿ ನೀವೇ ಎಲ್ಲ ಮಾತಾಡಿಬಿಡಬೇಡಿ. ರೋಗಿಯನ್ನು ಹೊರಗೆ ಕೂರಿಸಿ ‘ನಮಗೆ ಮಾತ್ರ ಹೇಳಿ’ ಎನ್ನುವುದನ್ನು ನಾವು ಒಪ್ಪುವುದಿಲ್ಲ. ಎಷ್ಟು ತಿಳಿಯಬೇಕು, ಯಾರಿಗೆ ತಿಳಿಸಬೇಕು ಎಂಬುದನ್ನು ಟೆಸ್ಟಿಗೆ ಮೊದಲೇ ಅವರನ್ನೇ ಕೇಳಿಡಿ. ಕೆಲವು ವಿಷಯಗಳನ್ನು ಮನೆಯವರ ಎದುರು ಹೇಳಲಾಗದವರೂ ಇರುತ್ತಾರೆ, ಅವರನ್ನು ಡಾಕ್ಟರ ಜೊತೆ ಎರಡು ನಿಮಿಷ ಒಂಟಿಯಾಗಿ ಬಿಡಿ.

ಜೊತೆಗಿರುವವರಿಗೂ ಭಯವಾಗುತ್ತದೆ. ಅದನ್ನು ಎಲ್ಲಿ ಇಳಿಸಬೇಕು ಎಂಬುದಕ್ಕೆ ಮನಶ್ಶಾಸ್ತ್ರಜ್ಞೆ ಸೂಸನ್ ಸಿಲ್ಕ್ ಮತ್ತು ಬ್ಯಾರಿ ಗೋಲ್ಡ್‌ಮನ್ 2013ರಲ್ಲಿ ಸರಳವಾದ ಒಂದು ಚಿತ್ರ ಕೊಟ್ಟರು. ನಡುವಿನ ಬಿಂದುವಿನಲ್ಲಿ ರೋಗಿ, ಸುತ್ತ ಒಂದು ವೃತ್ತದಲ್ಲಿ ಅತಿ ಹತ್ತಿರದವರು, ಅದರಾಚೆ ನೆಂಟರು, ಅದರಾಚೆ ಸ್ನೇಹಿತರು. ಒಳಗಿನವರ ಕಡೆಗೆ ಸಾಂತ್ವನ ಮಾತ್ರ ಹೋಗಬೇಕು. ನಮ್ಮ ಸಂಕಟವನ್ನು ನಮಗಿಂತ ಹೊರಗಿನ ವೃತ್ತದವರಲ್ಲಿ ಹೇಳಿಕೊಳ್ಳಬೇಕು. ಅಮ್ಮನಿಗೆ ಬಯಾಪ್ಸಿ ಆಗಿದ್ದರೆ ಮಗಳು ಅಮ್ಮನ ಮುಂದೆಯೇ ‘ನನಗೆ ನಿದ್ದೆಯೇ ಬರುತ್ತಿಲ್ಲ’ ಎಂದರೆ, ಅಮ್ಮ ತನ್ನ ಭಯ ಬಿಟ್ಟು ಮಗಳನ್ನು ಸಮಾಧಾನ ಮಾಡಲು ಕೂರುತ್ತಾಳೆ. ಆ ಮಾತನ್ನು ಗೆಳತಿಗೆ ಹೇಳಲಿ. ವಿಚಾರಿಸುವ ಎಲ್ಲರಿಗೂ ಉತ್ತರಿಸುವ ಹೊಣೆಯನ್ನು ಒಬ್ಬರು ಹೊತ್ತರೆ ರೋಗಿ ಒಂದೇ ಮಾತನ್ನು ಹತ್ತು ಸಲ ಹೇಳುವುದು ತಪ್ಪುತ್ತದೆ. ‘ಏನಾದರೂ ಬೇಕಿದ್ದರೆ ಹೇಳು’ ಎನ್ನುವವರು ಮಕ್ಕಳನ್ನು ಶಾಲೆಯಿಂದ ಕರೆತರುತ್ತೇನೆ, ಗುರುವಾರ ಲ್ಯಾಬಿಗೆ ನಾನು ಬರುತ್ತೇನೆ ಎಂದು ನಿರ್ದಿಷ್ಟವಾಗಿ ಹೇಳಿದರೆ ಒಪ್ಪಿಕೊಳ್ಳುವುದು ಸುಲಭ.

ಇಷ್ಟೆಲ್ಲ ತಾಳ್ಮೆ ಟೆಸ್ಟಿನ ದಿನದ ತನಕ ಕಾಯಬಹುದಾದ ತೊಂದರೆಗಳಿಗೆ ಮಾತ್ರ. ಎದೆ ಹಿಂಡಿದಂತಾಗುವುದು, ಮುಖ ಅಥವಾ ಕೈ ಒಂದು ಕಡೆ ಸೋಲುವುದು, ಮಾತು ತೊದಲುವುದು, ಉಸಿರಾಡಲು ಕಷ್ಟ, ನಿಲ್ಲದ ರಕ್ತಸ್ರಾವ ಇವುಗಳಲ್ಲಿ ಯಾವುದು ಕಂಡರೂ ‘ಮುಂದಿನ ವಾರ ಹೇಗೂ ಟೆಸ್ಟ್ ಇದೆಯಲ್ಲ’ ಎಂದು ಕಾಯದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಬೇಕು. ಬರೀ ಟೆನ್ಶನ್ ಎಂದು ಮನೆಯಲ್ಲೇ ತೀರ್ಮಾನಿಸಬೇಡಿ. ಬಯಾಪ್ಸಿ ಅಥವಾ ಕೊಲೊನೋಸ್ಕೋಪಿಯ ನಂತರ ಜ್ವರ, ಹೆಚ್ಚುತ್ತಿರುವ ನೋವು, ರಕ್ತ ಕಂಡರೂ ಹಾಗೆಯೇ. ರಿಪೋರ್ಟ್ ಚೆನ್ನಾಗಿ ಬಂದ ಮೇಲೂ ಎರಡು ವಾರಕ್ಕಿಂತ ಹೆಚ್ಚು ನಿದ್ದೆ, ಊಟ, ಕೆಲಸ ಎಲ್ಲ ತಪ್ಪಿದ್ದರೆ ಆ ಆತಂಕಕ್ಕೇ ಚಿಕಿತ್ಸೆ ಇದೆ.

ಕೊನೆಗೆ ಎರಡು ಕೋರಿಕೆ. ಆಸ್ಪತ್ರೆ ಮತ್ತು ಲ್ಯಾಬುಗಳು ಹಣ ಕಟ್ಟಿಸಿಕೊಂಡ ರಸೀದಿಯ ಮೇಲೆಯೇ ತಯಾರಿಯ ಸೂಚನೆ, ರಿಪೋರ್ಟ್ ಬರುವ ದಿನ, ವಿಚಾರಿಸಬೇಕಾದ ಫೋನ್ ಸಂಖ್ಯೆ ಇವಿಷ್ಟನ್ನು ಕನ್ನಡದಲ್ಲಿ, ವಯಸ್ಸಾದವರೂ ಓದುವಷ್ಟು ದಪ್ಪ ಅಕ್ಷರದಲ್ಲಿ ಮುದ್ರಿಸಲಿ. ತಾವು ಆರೋಗ್ಯ ಪುಟದಲ್ಲಿ ವಾರಕ್ಕೊಂದು ಪರೀಕ್ಷೆಯಂತೆ ಹೇಗೆ ತಯಾರಾಗಬೇಕು, ಒಳಗೆ ಏನು ನಡೆಯುತ್ತದೆ, ಎಷ್ಟು ದಿನ ಕಾಯಬೇಕು ಎಂದು ಪ್ರಕಟಿಸಿದರೆ, ಬರೆದುಕೊಡಲು ನಾವು ಸಿದ್ಧ.

ಇತಿ,
ಪ್ರಯೋಗಾಲಯ ಮತ್ತು ಸ್ಕ್ಯಾನಿಂಗ್ ವಿಭಾಗದ ಕೆಲವು ಸಿಬ್ಬಂದಿ